ಕವಲು ಕಾಯುವ ಕೆಲಸ

ಗಾಜಿನಂಗಡಿಯವನಿಗೆ ಬಾಲಣ್ಣ ಎಂಬ ಹೆಸರು ಅಂಟಿಕೊಂಡು ಎಷ್ಟು ಕಾಲವಾಗಿತ್ತೆಂದರೆ, ಕನ್ನಡಿ ಕೊಳ್ಳಲು ಬರುವ ಹೊಸಬರು ಅದು ಹೆತ್ತವರು ಇಟ್ಟ ಹೆಸರೇ ಇರಬೇಕೆಂದುಕೊಂಡು ‘ಬಾಲಣ್ಣನವರೇ’ ಎಂದು ಗೌರವದಿಂದ ಮಾತಾಡಿಸುತ್ತಿದ್ದರು. ಅವನು ತಿದ್ದಲು ಹೋಗುತ್ತಿರಲಿಲ್ಲ. ಅಸಲಿಗೆ ಅದು ಬಾಲವೇ. ಭಾನುವಾರ ಬೆಳಗ್ಗೆ ಬೆಟ್ಟದ ಓಣಿದಾರಿಗಳಿಗೆ ಹೊರಡುವ ಸೈಕಲ್ ತಂಡದಲ್ಲಿ ಎಲ್ಲರಿಗಿಂತ ಹಿಂದೆ ಬರುವವನು ಅವನು. ಎಲ್ಲರಿಗಿಂತ ಮುಂದೆ ಹೋಗುತ್ತಿದ್ದವಳು ಅವನ ಹೆಂಡತಿ, ಹುಡುಗಿಯರ ಶಾಲೆಯ ಡ್ರಿಲ್ ಟೀಚರ್. ತಲೆ ಅವಳು, ಬಾಲ ಇವನು. ಮನೆಯಲ್ಲೂ ಹೀಗೇನಾ ಎಂದು ಕೇಳದವರು ಊರಲ್ಲಿ ಇರಲಿಲ್ಲ. ಮನೆಯಲ್ಲಿ ಬಾಲ ಬಿಚ್ಚುವ ಹಾಗಿಲ್ಲ, ಇಲ್ಲಾದರೂ ಬಿಚ್ಚಿಕೊಳ್ಳುತ್ತೇನೆ ಎಂದು ಅವನೇ ಹೇಳಿ ನಗಿಸಿಬಿಡುತ್ತಿದ್ದ.

ಇಬ್ಬರೂ ಜೋಡಿಯಾದದ್ದೇ ಒಂದು ಸೋಜಿಗ. ಗಾಜು ಕೊಯ್ಯುವವನಿಗೆ ಅವಸರ ಆಗಿಬರುವುದಿಲ್ಲ. ಗೆರೆ ಎಳೆಯುವ ಮುಂಚೆ ಅವನು ಉಸಿರು ಬಿಗಿಹಿಡಿಯುತ್ತಿದ್ದ, ಎಳೆದ ಮೇಲೆ ಮೆಲ್ಲಗೆ ಬಿಡುತ್ತಿದ್ದ. ಮಾತೂ ಹಾಗೆಯೇ, ತೂಗಿ ಅಳೆದು ಒಂದೊಂದೇ. ಅವಳಾದರೋ ಸೀಟಿ ಊದಿದರೆ ಇಡೀ ಮೈದಾನ ನೆಟ್ಟಗೆ ನಿಲ್ಲಬೇಕು, ನಿಲ್ಲದ ಹುಡುಗಿ ಮೈದಾನಕ್ಕೆ ಸುತ್ತು ಹಾಕಬೇಕು. ಎತ್ತು ಏರಿಗೆ, ಕೋಣ ನೀರಿಗೆ ಎಂದು ಅವಳ ತವರಿನವರು ಮದುವೆಯ ದಿನವೇ ಆಡಿಕೊಂಡರಂತೆ. ಸಂಸಾರ ಮಾತ್ರ ಚೆನ್ನಾಗಿಯೇ ನಡೆಯಿತು. ಮುಂದೆ ಓಡುವವರಿಗೆ ಹಿಂದೆ ಒಬ್ಬರು ಬರುತ್ತಿದ್ದಾರೆ ಎಂಬ ಧೈರ್ಯ ಬೇಕು, ನಿಧಾನದವರಿಗೆ ಎಳೆದುಕೊಂಡು ಹೋಗುವವರು ಬೇಕು. ಇಷ್ಟು ಸಾಮಾನ್ಯ ವಿಷಯ ನೆಂಟರಿಗೆ ಹೊಳೆಯುವುದಿಲ್ಲ.

ಸೈಕಲ್ ತಂಡ ಕಟ್ಟಿದ್ದೂ ಅವಳೇ. ಹೊಸ ಹೆದ್ದಾರಿ ಸುರಂಗ ಕೊರೆದುಕೊಂಡು ಬೆಟ್ಟದ ಇನ್ನೊಂದು ಮಗ್ಗುಲಿಗೆ ಹೋದ ಮೇಲೆ ಹಳೆಯ ದಾರಿಗಳನ್ನು ಕೇಳುವವರಿರಲಿಲ್ಲ. ಎರಡೂ ಕಡೆ ಕಲ್ಲಿನ ಗೋಡೆ, ಗೋಡೆಯ ಮೇಲೆ ಪಾಚಿ, ಆಚೆ ಕುರಿ ಮೇಯುವ ಹುಲ್ಲುಗಾವಲು. ಮುಖ್ಯವಾದ ಓಣಿಯ ಎರಡು ತುದಿಗೂ ಕಲ್ಲುಕಂಬ ನೆಟ್ಟು ಮೋಟಾರು ಗಾಡಿಗಳನ್ನು ನಿಲ್ಲಿಸಿಬಿಟ್ಟಿದ್ದರು. ಅಲ್ಲಿ ಹೋದರೆ ಟಯರು ಮಣ್ಣನ್ನು ಸವರುವ ಸದ್ದು, ಚೈನಿನ ಕಿರಕಿರ, ಏರು ಹತ್ತುವವರ ಏದುಸಿರು, ಇಷ್ಟೇ. ಬೇಕರಿಯವನು, ಔಷಧಿ ಅಂಗಡಿಯವಳು, ಅವಳ ಹಳೆಯ ಶಿಷ್ಯೆಯರು ಕೆಲವರು, ಹೀಗೆ ಹತ್ತು ಹನ್ನೆರಡು ಮಂದಿ ಸೇರುತ್ತಿದ್ದರು. ಪಂದ್ಯವಿಲ್ಲ, ಪದಕವಿಲ್ಲ. ಬೆಟ್ಟ ಹತ್ತುವುದು, ಸುತ್ತಿ ಇಳಿಯುವುದು, ಬೇಕರಿಯ ಮುಂದೆ ಚಹಾ ಕುಡಿದು ಚದುರುವುದು.

ಓಣಿಗಳೆಲ್ಲ ನೋಡಲು ಒಂದೇ ಥರ, ಕವಲುಗಳು ಲೆಕ್ಕವಿಲ್ಲದಷ್ಟು. ಮೊದಲ ವರ್ಷ ಒಬ್ಬಳು ಹಿಂದೆ ಬಿದ್ದು, ತಪ್ಪು ಕವಲು ಹಿಡಿದು, ಕುರಿಹಟ್ಟಿಯೊಂದರಲ್ಲಿ ಅಳುತ್ತ ಕೂತಿದ್ದಳು. ಅಂದೇ ಡ್ರಿಲ್ ಟೀಚರ್ ನಿಯಮ ಮಾಡಿದಳು. ಕವಲು ಬಂದಾಗ ತಲೆಯ ಹಿಂದಿರುವವರು ಇಳಿದು ನಿಲ್ಲಬೇಕು, ಕೈಚಾಚಿ ದಾರಿ ತೋರಿಸುತ್ತಿರಬೇಕು. ಎಲ್ಲರೂ ದಾಟಿ, ಕೊನೆಗೆ ಬಾಲ ಬಂದು ‘ನನ್ನ ಹಿಂದೆ ಯಾರೂ ಇಲ್ಲ’ ಎಂದು ಬಾಯಿಬಿಟ್ಟು ಹೇಳುವವರೆಗೆ ನಿಂತವರು ಕದಲಕೂಡದು. ಬಾಲ ಅರ್ಧದಲ್ಲಿ ದಾರಿ ಬಿಡುವಂತಾದರೆ ಮುಂದಿನವರಿಗೆ ಬಾಲ ಒಪ್ಪಿಸಿಯೇ ಹೋಗಬೇಕು. ಬಾಲ ಯಾರಾಗಬೇಕು ಎಂದು ಚರ್ಚೆಯಾಗಲಿಲ್ಲ. ಆಗ ತಾನೇ ಎಲ್ಲರಿಗಿಂತ ಕೊನೆಗೆ ಬಂದು ಮುಖ ಒರೆಸಿಕೊಳ್ಳುತ್ತಿದ್ದವನನ್ನು ಎಲ್ಲರೂ ತಿರುಗಿ ನೋಡಿದರು.

ಇಬ್ಬರ ತಲೆಗೂದಲೂ ಬೆಳ್ಳಗಾಗುವವರೆಗೆ ಹೀಗೇ ನಡೆಯಿತು. ಅವಳು ಶಾಲೆಯಿಂದ ನಿವೃತ್ತಳಾದ ಮೇಲೂ ಊರು ಅವಳನ್ನು ಟೀಚರ್ ಎನ್ನುವುದನ್ನು ಬಿಡಲಿಲ್ಲ.

ಬಾಲಕ್ಕೆ ಸುದ್ದಿ ಮುಟ್ಟುವುದು ಯಾವಾಗಲೂ ಕೊನೆಗೆ. ಒಂದು ಭಾನುವಾರ ಅವನು ತಿರುವು ದಾಟಿ ಬಂದಾಗ ತಂಡವೆಲ್ಲ ಒಂದು ತೋಟದ ಗೇಟಿನ ಮುಂದೆ ಗುಂಪುಗೂಡಿ ನಿಂತಿತ್ತು. ಮುಂದೆ ದಾರಿಯೇ ಇಲ್ಲ. ತಲೆ ತಪ್ಪು ಕವಲು ಹಿಡಿದಿತ್ತು. ನೂರಾರು ಸಲ ತುಳಿದ ದಾರಿಯಲ್ಲಿ! ಅವಳು ಗೇಟು ಹಾಕಿದವರನ್ನು ಬೈಯುತ್ತಿದ್ದಳು, ಮಿಕ್ಕವರು ನೆಲ ನೋಡುತ್ತಿದ್ದರು. ಅವನನ್ನು ಕಂಡ ಕೂಡಲೇ ಹತ್ತಿರ ಬಂದು, ದನಿ ತಗ್ಗಿಸಿ, “ರೀ, ಇದು ಯಾವ ದಾರಿ?” ಎಂದಳು. ಅವಳು ಅವನನ್ನು ದಾರಿ ಕೇಳಿದ್ದು ಅದೇ ಮೊದಲು.

ಆಮೇಲಿನದು ಇಂಥ ಎಷ್ಟೋ ಮನೆಗಳಲ್ಲಿ ನಡೆಯುವಂಥದ್ದೇ. ವೈದ್ಯರು ಮೆದುಳಿನ ಚಿತ್ರ ತೆಗೆಸಿದರು, ಮಾತ್ರೆ ಬರೆದರು, ಇದು ಹಿಂದಕ್ಕೆ ಹೋಗುವ ಕಾಯಿಲೆಯಲ್ಲ ಎಂದು ಮೆತ್ತಗೆ ಹೇಳಿದರು. ಅಂಗಡಿಯ ಮೇಲಿನ ಮಹಡಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಬಟ್ಟೆ ಹೊಲಿಯುತ್ತಿದ್ದ ಮಗಳು, ಯಂತ್ರವನ್ನು ಕೆಳಗಿಳಿಸಿ ತಾಯಿಯ ಮಂಚದ ಪಕ್ಕಕ್ಕೇ ತಂದಳು. ಟೀಚರಿಗೆ ಬುದ್ಧಿ ಮಂಕಾಗಿತ್ತೇ ಹೊರತು ಸ್ವಾಭಿಮಾನ ಮಂಕಾಗಿರಲಿಲ್ಲ. ತಿಳಿಯಾಗಿದ್ದ ಒಂದು ಬೆಳಗ್ಗೆ ಬೇಕರಿಯವನನ್ನು ಕರೆಸಿ, ಇನ್ನು ಮೇಲೆ ತಲೆ ನೀನು ಎಂದಳು. ಅವನು ಕಣ್ಣೊರೆಸಿಕೊಳ್ಳುವುದನ್ನು ಕಂಡು ಗದರಿದಳು. “ನನ್ನನ್ನ ಕವಲಲ್ಲಿ ನಿಲ್ಸು. ನಿಲ್ಲೋದಕ್ಕೆ ದಾರಿ ಗೊತ್ತಿರಬೇಕಾಗಿಲ್ಲ.”

ಹಾಗೆ ಅವಳಿಗೆ ಮೂರುದಾರಿ ಎಂಬ ಜಾಗ ನಿಗದಿಯಾಯಿತು. ಊರಿಗೆ ಇಳಿಯುವ ಮುಂಚಿನ ಕೊನೆಯ ಕವಲು ಅದು, ಪಕ್ಕದಲ್ಲೇ ಕುರಿಯವರ ಒಂದು ಮನೆ. ಬೇಕರಿಯವನು ಅವಳನ್ನು ಅಲ್ಲಿ ಇಳಿಸಿ, ಯಾವ ಕಡೆ ಎಂದು ಅವಳ ಕೈಯನ್ನೇ ಹಿಡಿದು ಚಾಚಿಸಿ ಹೋಗುತ್ತಿದ್ದ. ಅವಳು ಕಂಬದ ಹಾಗೆ ನಿಂತಿರುತ್ತಿದ್ದಳು. ಒಬ್ಬೊಬ್ಬರಿಗೂ ‘ಬೆನ್ನು ನೆಟ್ಟಗೆ’ ಎಂದು ಗದರುತ್ತಿದ್ದಳು. ಕೊನೆಗೆ ಗಂಡ ಬಂದು ಹೇಳಬೇಕಾದ ಮಾತು ಹೇಳಿದರೆ, ಕಾಲೆತ್ತಿ ಸೀಟಿನ ಮೇಲೆ ಕೂತು ಇಳಿಜಾರಿನಲ್ಲಿ ಹಾರಿದಂತೆ ಹೋಗುತ್ತಿದ್ದಳು. ಮನಸ್ಸು ಮರೆತದ್ದನ್ನು ಕಾಲು ಮರೆತಿರಲಿಲ್ಲ. ಅರ್ಧ ದಾರಿಯಲ್ಲಿ ತಿರುಗಿ, “ಬನ್ರೀ ಬೇಗ” ಎಂದು ಹಳೆಯ ದನಿಯಲ್ಲೇ ಕೂಗುತ್ತಿದ್ದಳು.

ಆ ‘ರೀ’ಗಾಗಿ ಅವನು ವಾರವಿಡೀ ಕಾಯುತ್ತಿದ್ದ. ಮನೆಯಲ್ಲಿ ಅವಳು ಯಾರದೋ ಮನೆಗೆ ಬಂದ ನೆಂಟರ ಹಾಗೆ ಮಂಚದ ಅಂಚಿಗೆ ಕೂತಿರುತ್ತಿದ್ದಳು. ಅವನನ್ನು ಕೆಲವೊಮ್ಮೆ ಕಣ್ಣಿಂದ ಗುರುತಿಸುತ್ತಿದ್ದಳು, ಬಾಯಿಂದ ಕರೆಯುತ್ತಿರಲಿಲ್ಲ. ಕರೆಯುತ್ತಿದ್ದದ್ದು ಆ ಇಳಿಜಾರಿನಲ್ಲಿ ಮಾತ್ರ.

ಮಗಳಿಗೆ ಇದು ಹಿಡಿಸಿರಲಿಲ್ಲ. ಅವಳ ತಪ್ಪೂ ಅಲ್ಲ. ಅಮ್ಮ ಒಂದು ದಿನ ಆ ಜಾಗ ಬಿಟ್ಟು ಎತ್ತಲೋ ಹೊರಟುಹೋದರೆ ಏನು ಗತಿ ಎಂದು ಪ್ರತಿ ಶನಿವಾರವೂ ಕೇಳುತ್ತಿದ್ದಳು. ಕೊನೆಗೊಮ್ಮೆ ಅವನು ಕೈಲಿದ್ದ ಗಾಜಿನ ಹಾಳೆಯನ್ನು ಕೆಳಗಿಟ್ಟು, “ಅವಳು ಕವಲು ಬಿಟ್ಟು ಹೋದ ದಿನ ಎರಡೂ ಸೈಕಲ್ಲು ನಾನೇ ತೆಗೆದು ಅಟ್ಟಕ್ಕೆ ಹಾಕ್ತೀನಿ. ಅಲ್ಲೀವರೆಗೆ ಕೇಳ್ಬೇಡ” ಎಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಗಳು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಆ ಭಾನುವಾರ ಚಳಿ ಆಗಷ್ಟೇ ಕಾಲಿಟ್ಟಿತ್ತು. ಬೆಟ್ಟದ ನೆತ್ತಿಯ ಮೇಲೆ ಒದ್ದೆ ಎಲೆಗಳ ದಾರಿ. ಅವನ ಮುಂದೆಯೇ ಹೋಗುತ್ತಿದ್ದ ಔಷಧಿ ಅಂಗಡಿಯವಳ ಬ್ರೇಕಿನ ತಂತಿ ಕಡಿಯಿತು. ಸೈಕಲ್ಲು ಜಾರಿತು, ಅವಳು ಗೋಡೆಗೆ ಬಡಿದು ಬಿದ್ದಳು. ಭುಜದ ಮೂಳೆ ಮುರಿದದ್ದು ಬಟ್ಟೆಯ ಮೇಲಿಂದಲೇ ಕಾಣುತ್ತಿತ್ತು. ಅವನು ಬೆಲ್ಲು ಬಾರಿಸಿದ, ಕೂಗಿದ. ಗಾಳಿ ಎದುರಿನಿಂದ ಬೀಸುತ್ತಿತ್ತು, ಮುಂದಿನವರು ಆಗಲೇ ದಿಬ್ಬ ದಾಟಿದ್ದರು, ಅಲ್ಲಿಂದ ಮೂರುದಾರಿಯವರೆಗೆ ಯಾರನ್ನೂ ನಿಲ್ಲಿಸುವಂಥ ಕವಲಿರಲಿಲ್ಲ. ಫೋನು ನೋಡಿದರೆ ಆ ನೆತ್ತಿಯಲ್ಲಿ ಎಂದಿನಂತೆ ಸತ್ತುಬಿದ್ದಿತ್ತು. ಇವಳಿಗೆ ಕಣ್ಣು ಮೇಲೆ ಮೇಲೆ ಹೋಗುತ್ತಿತ್ತು. ಬಿಟ್ಟು ಓಡಿಹೋಗಿ ಬಾಲ ಒಪ್ಪಿಸಿ ಬರುವುದು ಯಾವ ಮನುಷ್ಯನಿಂದಾದೀತು?

ಸ್ವಲ್ಪ ಹಿಂದೆ, ಆಗಲೇ ದಾಟಿಬಂದಿದ್ದ ಒಂದು ಅಡ್ಡದಾರಿ ಬೆಟ್ಟದ ಆಚೆಮಗ್ಗುಲಿನ ಹಳ್ಳಿಗೆ ಇಳಿಯುತ್ತಿತ್ತು. ಹಾಲಿನ ಗಾಡಿ ಓಡಾಡುವ ದಾರಿ ಅದು. ಅವಳನ್ನು ಹೆಗಲಿಗೆ ಆನಿಸಿಕೊಂಡು ಅಲ್ಲಿಯವರೆಗೆ ನಡೆಸಿದ, ಗಾಡಿ ಬಂತು, ಸೈಕಲ್ಲುಗಳನ್ನು ಹಾಲಿನ ಕ್ಯಾನುಗಳ ನಡುವೆ ತುರುಕಿ ಹಳ್ಳಿಯ ಆಸ್ಪತ್ರೆ ಸೇರಿದರು. ಬೇಕರಿಗೆ ಫೋನು ಮಾಡಿ ವಿಷಯ ತಿಳಿಸಿ, ಕಾಯಬೇಡಿ ಎನ್ನಿ ಎಂದು ಗಾಡಿಯವನಿಗೆ ಹೇಳಿ, ತಾನು ಒಳಗೆ ಓಡಿದ.

ಗಾಡಿಯವನು ನಂಬಿಕಸ್ತ. ಔಷಧಿ ಅಂಗಡಿಯವಳು ಬಿದ್ದು ಆಸ್ಪತ್ರೆ ಸೇರಿದ್ದಾಳೆ, ಬಾಲಣ್ಣನವರು ಜೊತೆಗಿದ್ದಾರೆ, ಕಾಯಬೇಡಿ ಅಂದರು ಎಂದು ಹೇಳಿದ್ದನ್ನು ಹೇಳಿದಂತೆಯೇ ಮುಟ್ಟಿಸಿದ. ಚಹಾ ಹೀರುತ್ತಿದ್ದವರೆಲ್ಲ ಅಯ್ಯೋ ಎಂದರು, ಬಿದ್ದದ್ದು ಎಲ್ಲಿ ಎಂದು ಯಾರೂ ಕೇಳಲಿಲ್ಲ. ಬಾಲಣ್ಣ ಎಂದರೆ ಟೀಚರೂ ಜೊತೆಗೇ ಎಂದುಕೊಂಡರು. ಅವನನ್ನು ಅವಳಿಲ್ಲದೆ ಕಂಡವರು ಯಾರು? ಮೂರುದಾರಿಯಲ್ಲಿ ಅವಳು ಅವರನ್ನೆಲ್ಲ ಒಬ್ಬೊಬ್ಬರಾಗಿ ದಾಟಿಸಿದ್ದಳು, ಬಾಲ ಎಲ್ಲಿ ಎಂದು ಕೇಳಿದ್ದಳು, ಹಿಂದೆ ಬರುತ್ತಿದ್ದಾನೆ ಎಂದು ಎಲ್ಲರೂ ಹೇಳಿ ಬಂದಿದ್ದರು. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ. ಒಬ್ಬರ ಮೇಲೊಬ್ಬರು ಭಾರ ಹಾಕಿ ಮನೆಗೆ ಹೋದರು.

ಇತ್ತ ಅವನ ಲೆಕ್ಕ ಬೇರೆ. ತಾನು ಬರುವುದಿಲ್ಲವೆಂದು ತಿಳಿದ ಮೇಲೆ ಬೇಕರಿಯವನು ಅವಳನ್ನು ಕರೆದುಕೊಂಡು ಮನೆಗೆ ಬಿಟ್ಟಿರುತ್ತಾನೆ. ಅದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಔಷಧಿ ಅಂಗಡಿಯವಳ ಗಂಡ ಬರುವವರೆಗೆ ಅವನು ಆಸ್ಪತ್ರೆಯ ಮೊಗಸಾಲೆಯ ಬೆಂಚಿನಲ್ಲಿ ಕೂತ. ಯಾರೋ ಕೊಟ್ಟ ಬನ್ನು ತಿಂದ. ಸುಳ್ಳೇಕೆ ಹೇಳಬೇಕು, ಅವನಿಗೆ ಹಾಯೆನಿಸಿತು. ಬಾಗಿಲ ಚಿಲಕ ನೋಡುವುದು, ಒಲೆ ಆರಿದೆಯೋ ನೋಡುವುದು, ಅವಳು ಎದ್ದಳೋ ನೋಡುವುದು, ಯಾವುದೂ ಇಲ್ಲದ ಒಂದು ಮಧ್ಯಾಹ್ನ. ಗೋಡೆಗೆ ತಲೆಯಾನಿಸಿ ಅವನು ಗಾಢವಾಗಿ ನಿದ್ದೆಹೋದ. ಎಷ್ಟೋ ತಿಂಗಳಿಂದ ಅಂಥ ನಿದ್ದೆ ಬಂದಿರಲಿಲ್ಲ.

ಹಾಲಿನ ಗಾಡಿಯಲ್ಲೇ ಊರು ಸೇರಿ, ಸೈಕಲ್ಲನ್ನು ಅಂಗಡಿಯ ಗೋಡೆಗೆ ಒರಗಿಸಿ ಒಳಗೆ ಕಾಲಿಟ್ಟಾಗ ಹೊತ್ತು ಇಳಿದಿತ್ತು. ಮಗಳು ಯಂತ್ರ ನಿಲ್ಲಿಸಿ ತಲೆಯೆತ್ತಿದಳು. ಅವನ ಹಿಂದೆ ಬಾಗಿಲ ಕಡೆ ನೋಡಿದಳು.

“ಅಮ್ಮ ಎಲ್ಲಪ್ಪಾ?”

ಅವನು ಅವಳ ಪಕ್ಕದ ಮಂಚ ನೋಡಿದ. ಹಾಸಿಗೆ ಬೆಳಗ್ಗೆ ಮಡಿಸಿಟ್ಟ ಹಾಗೇ ಇತ್ತು. ಬೇಕರಿಯವನಿಂದ ಫೋನು ಬಂದಿತ್ತು, ಇಬ್ಬರೂ ಆಸ್ಪತ್ರೆಯಲ್ಲಿದ್ದೀರಿ ಅಂದರು ಎಂದು ಮಗಳು ಹೇಳುತ್ತಿದ್ದಳು. ಅವನಿಗೆ ಕೇಳಿಸಿದ್ದು ಅಷ್ಟೇ. “ಮೂರುದಾರೀಲಿ ಬಿಟ್ಟುಬಂದೆ” ಎಂದ. ಮಗಳು ಯಂತ್ರ ಬಿಟ್ಟೆದ್ದಳು. ಬೇಕರಿಯವನ ಗಾಡಿಯಲ್ಲಿ ಮೇಲಿನ ಕಲ್ಲುಕಂಬದವರೆಗೆ ಹೋಗಿ ಇಳಿದು ಬರುತ್ತೇನೆ, ನೀವು ಕೆಳಗಿಂದ ಹತ್ತಿ ಎಂದು ಬರಿಗಾಲಲ್ಲೇ ಹೊರಗೆ ಓಡಿದಳು.

ಕಲ್ಲುಕಂಬಗಳ ನಡುವೆ ನುಸುಳಿ ಅವನು ಓಣಿ ಹತ್ತತೊಡಗಿದ. ಯಾವಾಗಲೂ ಇಳಿದು ಬರುತ್ತಿದ್ದ ದಾರಿಯದು, ಹತ್ತಿ ಅಭ್ಯಾಸವಿರಲಿಲ್ಲ. ಉಸಿರು ಸಾಲಲಿಲ್ಲ, ಇಳಿದು ತಳ್ಳಿದ, ಮತ್ತೆ ಹತ್ತಿದ. ಅವಳು ಎತ್ತಲೋ ಹೊರಟುಹೋಗಿರುತ್ತಾಳೆ ಎಂದೇ ಅವನಿಗೆ ಖಾತ್ರಿಯಾಗಿತ್ತು. ಹುಲ್ಲುಗಾವಲಿನಲ್ಲಿ, ಹಳ್ಳದಲ್ಲಿ, ಹೆದ್ದಾರಿಯ ಅಂಚಿನಲ್ಲಿ, ಎಲ್ಲೆಲ್ಲೋ ಅವಳು ಕಣ್ಣಿಗೆ ಕಟ್ಟಿದಳು. ಇಷ್ಟು ಹೊತ್ತು ಯಾರು ನಿಂತಾರು? ಬುದ್ಧಿ ನೆಟ್ಟಗಿದ್ದವರೂ ನಿಲ್ಲುವುದಿಲ್ಲ.

ಅವಳು ನಿಂತಿದ್ದಳು.

ಒಂದು ಕೈಯಲ್ಲಿ ಸೈಕಲ್ಲಿನ ಹ್ಯಾಂಡಲ್ ಹಿಡಿದು, ಇನ್ನೊಂದು ಕೈಯನ್ನು ಊರಿನ ದಾರಿಗೆ ಚಾಚಿಕೊಂಡು ನಿಂತಿದ್ದಳು. ಹೆಗಲ ಮೇಲೆ ಕುರಿಯವರ ಮನೆಯಾಕೆ ಹೊದಿಸಿದ ಕಂಬಳಿ, ಕಾಲ ಬಳಿ ಕುಡಿಯದೆ ಆರಿಹೋದ ಹಾಲಿನ ಲೋಟ. ಮನೆಯಾಕೆ ಅವನ ಬಳಿಗೆ ಬಂದು, ಎಷ್ಟು ಕರೆದರೂ ಒಳಗೆ ಬರಲಿಲ್ಲ, ಕೂರಲೂ ಇಲ್ಲ, ಕೈ ಇಳಿಸಮ್ಮ ಅಂದರೆ ನನಗೇ ಗದರಿದರು ಎಂದು ಪಿಸುಗುಟ್ಟಿ ದೂರ ಸರಿದಳು.

ಅವನು ಸೈಕಲ್ಲನ್ನು ಅಲ್ಲೇ ಬೀಳಿಸಿ ಅವಳ ಮುಂದೆ ಹೋಗಿ ನಿಂತ. “ಬಂದೆ ಕಣೇ. ನನ್ನ ಹಿಂದೆ ಯಾರೂ ಇಲ್ಲ. ನಡಿ, ಮನೆಗೆ ಹೋಗೋಣ.”

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಭಯವಿರಲಿಲ್ಲ. ಅಪರಿಚಿತರಿಗೆ ತೋರುವ ಸೌಜನ್ಯ ಇತ್ತು.

“ನೀವು ಕೆಳಗಿಂದ ಬಂದ್ರಿ ಅಣ್ಣಾ. ನಮ್ಮ ಬಾಲ ಮೇಲಿಂದ ಬರ್ಬೇಕು.”

ಅಣ್ಣಾ! ಹಾಗೆ ಊರೆಲ್ಲ ಅವನನ್ನು ಕರೆದಿತ್ತು, ಅವಳೊಬ್ಬಳು ಬಿಟ್ಟು. ಅವನು ತನ್ನ ಮುಖ ಮುಟ್ಟಿ ತೋರಿಸಿದ, ಮಗಳ ಹೆಸರು ಹೇಳಿದ, ಅಂಗಡಿ, ಮನೆ, ಮದುವೆ, ಎಲ್ಲ ಹೇಳಿದ. ಅವಳು ತಾಳ್ಮೆಯಿಂದ ಕೇಳಿಸಿಕೊಂಡಳು, ಹೌದಾ ಎಂದಳು, ಒಳ್ಳೇದು ಎಂದಳು. ಕೈ ಇಳಿಸಲಿಲ್ಲ. ಅವನು ಅವಳ ತೋಳು ಹಿಡಿದ. ಅವಳು ಗಟ್ಟಿಯಾಗಿ ಬಿಡಿಸಿಕೊಂಡಳು.

“ಎಲ್ರೂ ಹೋದ್ರು ಟೀಚರ್, ನೀವೂ ಹೋಗಿ” ಎಂದ ಅವನು, ಬೇರೆ ದಾರಿ ಕಾಣದೆ. “ನಿಮ್ಮ ಯಜಮಾನ್ರೂ ಬೇರೆ ದಾರೀಲಿ ಮನೆಗೆ ಹೋಗಿರ್ಬೇಕು.”

ಅವಳು ಇಲ್ಲವೆಂದು ತಲೆಯಲ್ಲಾಡಿಸಿದಳು. ಚಳಿಗೆ ತುಟಿ ನೀಲಿಗಟ್ಟಿತ್ತು, ಮಾತು ಮಾತ್ರ ಸ್ಪಷ್ಟವಾಗಿತ್ತು.

“ನಿಮಗೆ ಅವರು ಗೊತ್ತಿಲ್ಲ ಅಣ್ಣಾ. ನನ್ನ ಬಿಟ್ಟು ಹೋಗೋರಲ್ಲ ಅವರು. ಬಂದಿಲ್ಲ ಅಂದ್ರೆ ಅವರಿಗೇ ಏನೋ ಆಗಿದೆ. ನಾನು ಹೊರಟುಹೋದ್ರೆ, ಬಂದವರು ಇಲ್ಲಿ ಯಾರನ್ನ ನೋಡ್ಬೇಕು?”

ಅವನಿಗೆ ಆಸ್ಪತ್ರೆಯ ಬೆಂಚು ನೆನಪಾಯಿತು, ಆ ಸುಖದ ನಿದ್ದೆ ನೆನಪಾಯಿತು. ಅಲ್ಲಿ ಅವನು ಗೊರಕೆ ಹೊಡೆಯುತ್ತಿದ್ದಾಗ ಇಲ್ಲಿ ಇವಳು ಕೈಚಾಚಿ ನಿಂತಿದ್ದಳು. ಎಲ್ಲವನ್ನೂ ಮರೆತವಳು ಅವನ ಮೇಲಿನ ನಂಬಿಕೆಯನ್ನು ಮರೆತಿರಲಿಲ್ಲ, ಮರೆತದ್ದು ಅವನನ್ನು ಮಾತ್ರ. ಅವನು ಗೋಡೆಯ ಕಡೆ ತಿರುಗಿಕೊಂಡು ಅತ್ತ. ಆಮೇಲೆ ಮುಖ ಒರೆಸಿಕೊಂಡು ಬಂದು ಅವಳ ಪಕ್ಕದಲ್ಲಿ ನಿಂತ. ಅವಳ ಚಾಚಿದ ಕೈಯ ಕೆಳಗೆ ತನ್ನ ಕೈ ಕೊಟ್ಟು ಭಾರ ಹೊತ್ತ. ಇದಕ್ಕೆ ಅವಳು ಬೇಡವೆನ್ನಲಿಲ್ಲ. ಇಬ್ಬರೂ ಮೇಲಿನ ತಿರುವನ್ನೇ ನೋಡುತ್ತ ಕಾದರು.

ಕತ್ತಲೆ ಕವಿಯುವ ಹೊತ್ತಿಗೆ ಮೇಲಿನಿಂದ ಟಾರ್ಚಿನ ಬೆಳಕು ಇಳಿದು ಬಂತು. ಮಗಳು ಮುಂದೆ, ಬೇಕರಿಯವನು ಹಿಂದೆ. ಮಗಳು ಓಡಿಬಂದು ತಾಯಿಯನ್ನು ತಬ್ಬಿಕೊಂಡಳು. ಟೀಚರಿಗೆ ಮಗಳ ಗುರುತು ಸಿಕ್ಕಿತು, ಮುಖ ಅರಳಿತು. ಬೇಕರಿಯವನು ಬಾಲಣ್ಣನ ಮುಖ ನೋಡಲಾರದೆ, ತಪ್ಪು ನಂದು ಎನ್ನಲು ಬಾಯಿ ತೆರೆದ. ಬಾಲಣ್ಣ ಕೈಯೆತ್ತಿ ತಡೆದ. ಮಗಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, “ಅವಳು ಕವಲು ಬಿಡ್ಲಿಲ್ಲ ಕಣಮ್ಮ, ಬಿಟ್ಟಿದ್ದು ನಾನು. ಸೈಕಲ್ಲು ಅಟ್ಟಕ್ಕೆ ಹಾಕಿಬಿಡೋಣ” ಎಂದ. ಮಗಳು ಅವನ ಬೆನ್ನ ಮೇಲೆ ಕೈಯಿಟ್ಟಳು.

“ಅಪ್ಪ ಎಲ್ಲೇ?” ಎಂದು ಟೀಚರ್ ಮಗಳನ್ನು ಕೇಳಿದಳು. “ಏನೂ ಆಗಿಲ್ಲ ತಾನೇ ಅವರಿಗೆ?”

ಮಗಳು ಅಪ್ಪನ ಕಡೆ ನೋಡಿದಳು. ಅವನು ಬೇಡವೆಂಬಂತೆ ತಲೆಯಲ್ಲಾಡಿಸಿದ.

“ಏನೂ ಆಗಿಲ್ಲಮ್ಮ. ಮನೇಲಿದಾರೆ. ನಿನಗೇ ಕಾಯ್ತಿದಾರೆ.”

ಅವಳು ದೊಡ್ಡದಾಗಿ ಉಸಿರು ಬಿಟ್ಟಳು. ಆಗ ಚಾಚಿದ ಕೈಯನ್ನು ಇಳಿಸಿದಳು. ಮರಗಟ್ಟಿದ್ದ ಬೆರಳುಗಳನ್ನು ಮಗಳು ಉಜ್ಜುತ್ತಿರುವಾಗ ಅವಳು ಪಕ್ಕಕ್ಕೆ ತಿರುಗಿ ಅವನನ್ನು ನೋಡಿದಳು, ಮರುಕದಿಂದ.

“ಇವರನ್ನೂ ಕರ್ಕೊಂಡು ಹೋಗೋಣ ಕಣೇ. ಪಾಪ, ನನ್ನ ಜೊತೆ ಚಳೀಲಿ ಅಷ್ಟು ಹೊತ್ತು ನಿಂತಿದ್ರು. ಇವರಿಗೂ ಮನೇಲಿ ಯಾರೋ ಕಾಯ್ತಿರ್ತಾರೆ.”